ಕ್ಲೈಂಟ್ ನನ್ನ ಮೇಲೇ ಕೇಸ್ ಹಾಕಿದ್ದಾರೆ, ಅನುಭವ ಇದ್ದವರು ಹೇಳಿ

ದಾವಣಗೆರೆ ಪ್ರಾಕ್ಟೀಷನರ್:
ನಾನು ಟ್ಯಾಕ್ಸ್ ಪ್ರಾಕ್ಟೀಷನರ್. ಒಬ್ಬ ಅಂಗಡಿಯವರ ರಿಟರ್ನ್ ಫೈಲ್ ಮಾಡಿಕೊಟ್ಟೆ, ಫೀಸು 2,500. ಎರಡನೇ ಬ್ಯಾಂಕ್ ಖಾತೆ ಇರುವುದನ್ನೇ ಅವರು ನನಗೆ ಹೇಳಿರಲಿಲ್ಲ. ಇಲಾಖೆ ದಂಡ ಹಾಕಿತು. ಈಗ ಗ್ರಾಹಕರ ಆಯೋಗದಲ್ಲಿ ನನ್ನಿಂದ 8 ಲಕ್ಷ ಕೇಳಿದ್ದಾರೆ. ಇಂಥ ಸುಳ್ಳು ಕೇಸಿಗೆ ನಮಗೇನು ರಕ್ಷಣೆ ಇದೆ?

ಹಾಸನದವನು:
ನೋಟಿಸ್ ಯಾವತ್ತು ಕೈಗೆ ಬಂತು? ಮೊದಲು ಅದನ್ನು ಹೇಳಿ. ನಾನು ಸುಳ್ಳು ಕೇಸು ತಾನೇ ಬಿದ್ದುಹೋಗುತ್ತದೆ ಅಂತ ಕೂತೆ. ಸೆಪ್ಟೆಂಬರ್, ಆಡಿಟ್ ಸೀಸನ್ ಬೇರೆ. ನೋಟಿಸಿಗೆ ನಮ್ಮ ತಕರಾರು, ಅಂದರೆ ಲಿಖಿತ ಉತ್ತರ, ಸಲ್ಲಿಸಲು 30 ದಿನ, ಆಯೋಗ ಒಪ್ಪಿದರೆ ಇನ್ನು 15. ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2020ರಲ್ಲೇ ಹೇಳಿದೆ, 45 ದಾಟಿದರೆ ಮುಗಿಯಿತು. ನಾನು ಹೋಗಿದ್ದು 52ನೇ ದಿನ. ಕ್ಲೈಂಟ್ ಕಳಿಸಿದ ವಾಟ್ಸಾಪ್ ಮೆಸೇಜುಗಳೆಲ್ಲ ನನ್ನ ಹತ್ತಿರ ಇದ್ದವು. ಯಾರೂ ನೋಡಲಿಲ್ಲ. ವಕೀಲರಿಗೆ 35,000, ಪರಿಹಾರ ಅಂತ 60,000. ನಾನು ತಗೊಂಡಿದ್ದ ಫೀಸು 1,500! ಅವರು ದೂರು ಕೊಡಲು ಒಂದು ರೂಪಾಯಿ ಶುಲ್ಕವೂ ಕಟ್ಟಲಿಲ್ಲ. ಕೊಟ್ಟ ಫೀಸು 5 ಲಕ್ಷದೊಳಗಿದ್ದರೆ ಶುಲ್ಕವೇ ಇಲ್ಲ, ಪರಿಹಾರ ಎಷ್ಟು ಬೇಕಾದರೂ ಕೇಳಬಹುದು.

ಮೈಸೂರು ಸಿಎ:
ನನ್ನ ಮೇಲೆ ದೂರು ಹೋಗಿದ್ದು ನಮ್ಮ ಸಿಎ ಇನ್‌ಸ್ಟಿಟ್ಯೂಟಿನ ಶಿಸ್ತು ವಿಭಾಗಕ್ಕೆ. ಫಾರ್ಮ್ ಒಂದು, ಶುಲ್ಕ 2,500. ಮೂರು ವರ್ಷ ನಿದ್ದೆ ಇಲ್ಲ. ಕೊನೆಗೆ ಉಳಿಸಿದ್ದು ಎಂಗೇಜ್‌ಮೆಂಟ್ ಲೆಟರ್. ಏನೇನು ಕೆಲಸ ನನ್ನದು, ಯಾವ ದಾಖಲೆ ಕೊಡುವ ಜವಾಬ್ದಾರಿ ಅವರದು, ಎಲ್ಲ ಬರೆದು ಸಹಿ ಹಾಕಿಸಿದ್ದೆ. ಸಣ್ಣ ತಪ್ಪಾದರೆ ಸಾಲದು, ಘೋರ ನಿರ್ಲಕ್ಷ್ಯವೋ, ವಹಿಸಬೇಕಾದ ಎಚ್ಚರ ವಹಿಸದೇ ಇದ್ದದ್ದೋ ರುಜುವಾಗಬೇಕು. ಲೆಟರ್ ಇಲ್ಲದೆ ನಾನು ಇವತ್ತಿಗೂ ಒಂದು ಫೈಲ್ ಮುಟ್ಟುವುದಿಲ್ಲ.

ಟ್ಯಾಕ್ಸ್ ವಕೀಲ, ಬೆಂಗಳೂರು:
ಅದಕ್ಕೇ ನಾನು ಸಿಎ ಓದು ಬಿಟ್ಟು ಎಲ್‌ಎಲ್‌ಬಿ ಮಾಡಿದ್ದು. ವಕೀಲರ ಸೇವೆ ಗ್ರಾಹಕರ ಕಾಯ್ದೆಗೆ ಬರುವುದಿಲ್ಲ ಅಂತ 2024ರ ಮೇ 14ರಂದು ಸುಪ್ರೀಂ ಕೋರ್ಟ್ ಹೇಳಿತು. ಮನೆಯವರೆಲ್ಲ ಬೈದಿದ್ದರು, ಈಗ ಯಾರೂ ಮಾತಾಡುವುದಿಲ್ಲ.

ಮೈಸೂರು ಸಿಎ:
ಅವರು ಕೇಳಿದ್ದೇನು, ನೀವು ಹೇಳುತ್ತಿರುವುದೇನು ಸ್ವಾಮಿ? ಅವರೇನು ಈಗ ಲಾ ಕಾಲೇಜು ಸೇರಬೇಕಾ? ನಿಮ್ಮ ಮೇಲೂ ಸಿವಿಲ್ ದಾವೆ ಹಾಕಬಹುದು. ಆ ತೀರ್ಪು ಅದನ್ನು ತಡೆದಿಲ್ಲ.

ಹುಬ್ಬಳ್ಳಿ ಅಕೌಂಟ್ಸ್:
ಇನ್ಶೂರೆನ್ಸ್ ಮಾಡಿಸಿ ಅಂತ ಯಾರಾದರೂ ಹೇಳುತ್ತಾರೆ, ನನ್ನ ಕಥೆ ಕೇಳಿ. ನಮ್ಮ ಕೆಲಸದಲ್ಲಿ ತಪ್ಪಾಯಿತು ಅಂತ ಕ್ಲೈಂಟ್ ಪರಿಹಾರ ಕೇಳಿದರೆ ಭರಿಸುವ ಪ್ರೊಫೆಷನಲ್ ಇಂಡೆಮ್ನಿಟಿ ಪಾಲಿಸಿಗೆ ಆರು ವರ್ಷ ಕಂತು ಕಟ್ಟಿದೆ. ಒಂದು ವರ್ಷ ರಿನ್ಯೂ ಮಾಡುವುದು ಎರಡು ತಿಂಗಳು ತಡವಾಯಿತು. ಕ್ಲೈಂಟಿನ ನೋಟಿಸ್ ಬಂದಿದ್ದು ಅದೇ ಎರಡು ತಿಂಗಳಲ್ಲಿ. ತಪ್ಪು ಆಗಿದೆ ಅಂದ ದಿನ ಪಾಲಿಸಿ ಇತ್ತು, ಆದರೆ ಕ್ಲೇಮ್ ಬಂದ ದಿನ ಇರಲಿಲ್ಲ. ಒಂದು ಪೈಸೆ ಕೊಡಲಿಲ್ಲ. ಮೇಲಾಗಿ ಹಳೇ ಕೆಲಸಕ್ಕಿದ್ದ ರಕ್ಷಣೆಯೂ ಹೋಯಿತು, ಹೊಸ ಪಾಲಿಸಿಯಲ್ಲಿ ಹೊಸ ದಿನಾಂಕ ಹಾಕಿದರು.

ಸಂಬಳದವನು:
ಎಲ್ಲರೂ ನಿಮ್ಮ ಕಷ್ಟವನ್ನೇ ಹೇಳುತ್ತಿದ್ದೀರಿ. ನನ್ನ ರಿಟರ್ನಿನಲ್ಲಿ ನನ್ನನ್ನು ಕೇಳದೆ ರಾಜಕೀಯ ಪಕ್ಷಕ್ಕೆ ದೇಣಿಗೆ ಅಂತ 80ಜಿಜಿಸಿ ಸೆಕ್ಷನ್ನಿನ ತೆರಿಗೆ ವಿನಾಯಿತಿ ತೋರಿಸಿದರು. ಯಾವ ಪಕ್ಷಕ್ಕೂ ನಾನು ಒಂದು ರೂಪಾಯಿ ಕೊಟ್ಟವನಲ್ಲ. ತೆರಿಗೆ, ಬಡ್ಡಿ ಸೇರಿ 1,12,000 ಕಟ್ಟಿದೆ. ನಾನು ಕೇಸ್ ಹಾಕಿದರೆ ಅದೂ ಸುಳ್ಳು ಕೇಸಾ?

ಮೈಸೂರು ಸಿಎ:
ರೀಫಂಡ್ ಬಂದಾಗ ಎಲ್ಲಿಂದ ಬಂತು ಅಂತ ಕೇಳಿದಿರಾ?

ಸಂಬಳದವನು:
ರೀಫಂಡಿನಲ್ಲಿ 10 ಪರ್ಸೆಂಟ್ ಅವರೇ ಫೀಸು ಅಂತ ತಗೊಂಡರು. ನಂಬಿದ್ದೆ.

ಮೈಸೂರು ಸಿಎ:
ಪರ್ಸೆಂಟ್ ಲೆಕ್ಕದಲ್ಲಿ ಇಂಥ ಫೀಸು ತಗೊಳ್ಳಲು ನಮಗೆ ನಿಯಮದಲ್ಲೇ ಅವಕಾಶವಿಲ್ಲ. ಅವರು ಸಿಎ ಆಗಿರಲಾರರು.

ಹುಬ್ಬಳ್ಳಿ ಅಕೌಂಟ್ಸ್:
ಅಂದರೆ ಸಿಎ ಅಲ್ಲದವರೆಲ್ಲ ಕಳ್ಳರಾ? 22 ವರ್ಷದಿಂದ ಈ ಕೆಲಸ ಮಾಡುತ್ತಿದ್ದೇನೆ. ಮಾತು ಹಿಂದಕ್ಕೆ ತಗೊಳ್ಳಿ.

ಟ್ಯಾಕ್ಸ್ ವಕೀಲ, ಬೆಂಗಳೂರು:
ಹಳೆಯ 1986ರ ಗ್ರಾಹಕರ ಕಾಯ್ದೆಯಲ್ಲಿ ಸುಳ್ಳು ದೂರು ಕೊಟ್ಟವರಿಗೆ 10,000 ರೂಪಾಯಿವರೆಗೆ ಹೊರೆ ಹಾಕಲು 26ನೇ ಸೆಕ್ಷನ್ ಇತ್ತು. 2019ರ ಕಾಯ್ದೆಯಲ್ಲಿ ಅದು ಇಲ್ಲ. ಜಗಳ ಆಡುವುದಾದರೆ ಇದರ ಮೇಲೆ ಆಡೋಣ.

ದಾವಣಗೆರೆ ಪ್ರಾಕ್ಟೀಷನರ್:
ಹಾಸನದವರೇ, ಈಗಷ್ಟೇ ಕವರ್ ಹುಡುಕಿ ತಾರೀಖು ನೋಡಿದೆ. ಇವತ್ತಿಗೆ 38 ದಿನ.

ಹಾಸನದವನು:
30 ದಾಟಿದೆ. ತಡಕ್ಕೆ ಕಾರಣ ಬರೆದು ಅರ್ಜಿಯನ್ನೂ ಜೊತೆಗೆ ಹಾಕಬೇಕು. ಉಳಿದಿರುವುದು ಏಳೇ ದಿನ, ಅದರಲ್ಲಿ ಒಂದು ಭಾನುವಾರ. ಇಲ್ಲಿ ಓದುತ್ತಾ ಕೂರಬೇಡಿ, ಈಗಲೇ ವಕೀಲರಿಗೆ ಫೋನ್ ಮಾಡಿ.