ಪದಚರ್ಚೆ: ‘ಮೆಡಿಕಲ್ ಅಸಿಸ್ಟೆನ್ಸ್ ರೈಟ್ಸ್’ ಎಂಬುದಕ್ಕೆ ಕನ್ನಡ (ತುರ್ತು)

ಮಾನ್ಯರೆ,

ವಿರಾಜಪೇಟೆಯಲ್ಲಿ ಅಂಗವೈಕಲ್ಯವುಳ್ಳ ಮಕ್ಕಳ ಪೋಷಕರು ಕೂಡಿ ಒಂದು ಮಾಹಿತಿ ಫಲಕ ಬರೆಸುತ್ತಿದ್ದು, ಅದರ ಕನ್ನಡ ಪಾಠವನ್ನು ನಾನು ಸೋಮವಾರದೊಳಗೆ ಕೊಡಬೇಕಾಗಿದೆ. ಅದರಲ್ಲಿ ಬರುವುದು ಇಷ್ಟು: 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮದ 25ನೆಯ ಕಲಮಿನಂತೆ, ಕುಟುಂಬದ ಆದಾಯಕ್ಕೆ ಒಳಪಟ್ಟು ವಾಸಸ್ಥಳದ ಆಸುಪಾಸಿನಲ್ಲೇ ಉಚಿತ ಆರೋಗ್ಯ ಸೇವೆ, ಆದಾಯ ಎಷ್ಟೇ ಇದ್ದರೂ ಆಸ್ಪತ್ರೆಯಲ್ಲಿ ಆದ್ಯತೆ; ಈ ಕಲಮಿನ ಹೊರಗೆ, ಬೇರೆ ಯೋಜನೆಗಳಿಂದ, ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಥವಾ ಬಹುವಿಧ ವೈಕಲ್ಯವಿದ್ದವರಿಗೆ 1 ಲಕ್ಷ ರೂಪಾಯಿವರೆಗಿನ ‘ನಿರಾಮಯ’ ವಿಮೆ, ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗಿನ ಆಯುಷ್ಮಾನ್ ಚಿಕಿತ್ಸೆ. ತಲೆಬರಹಕ್ಕೆ ‘ವೈದ್ಯಕೀಯ ಸೌಲಭ್ಯ’ ಎಂದರೆ ಕಟ್ಟಡ, ಯಂತ್ರಗಳ ನೆನಪಾಗುತ್ತದೆ. ‘ನೆರವು’ ಎಂದರೆ ಯಾರೋ ಕೈಯೆತ್ತಿ ಕೊಟ್ಟಂತೆ ಕೇಳುತ್ತದೆ. ತಿಳಿದವರು ಹೇಳಬೇಕು.

ಸೋಮವಾರಪೇಟೆಯಿಂದ:

‘ಸೌಲಭ್ಯ’ವನ್ನು ಮೊದಲು ಅಳಿಸಿ. ಸುಲಭದ ಭಾವವೇ ಸೌಲಭ್ಯ. ತೋಟದ ಕಾರ್ಮಿಕರ ಲೈನ್ ಮನೆಯಿಂದ ಮಗುವನ್ನು ಸೊಂಟದ ಮೇಲೆ ಹೊತ್ತು ಎರಡು ಬಸ್ಸು ಬದಲಿಸಿ ಮಡಿಕೇರಿಯ ಆಸ್ಪತ್ರೆಗೆ ಬರುವ ತಾಯಿಗೆ ಅದರಲ್ಲಿ ಸುಲಭವಾದದ್ದು ಏನಿದೆ? ‘ನೆರವು’ ಅಚ್ಚಗನ್ನಡ. ಹಳಗನ್ನಡದ ‘ನೆರೆ’ ಎಂದರೆ ಕೂಡು, ‘ನೆರವಿ’ ಎಂದರೆ ಕೂಡಿದ ಜನ. ನೆರವು ಕೂಡ ಆ ಬಳಗದ್ದೇ ಎಂಬುದು ನನ್ನ ಹಳೆಯ ವಾದ, ಆದ್ದರಿಂದ ಅದರಲ್ಲಿ ಭಿಕ್ಷೆಯ ವಾಸನೆಯಿಲ್ಲ. ಆದರೆ ಅದರ ಹಿಂದೆ ‘ವೈದ್ಯಕೀಯ’ವನ್ನು ತಂದು ನಿಲ್ಲಿಸಬೇಡಿ, ಸಂಸ್ಕೃತ ಪದಕ್ಕೆ ಕನ್ನಡ ಪದವನ್ನು ಬೆಸೆದ ಅರಿಸಮಾಸದಷ್ಟೇ ಕಿವಿಗೆ ಕಹಿ. ‘ಮದ್ದುನೆರವು’ ಎನ್ನಿ.

ಮಡಿಕೇರಿಯ ವಕೀಲರಿಂದ:

ಒಪ್ಪಲಾಗದು. ಕೊಡಗಿನ ಗೋಡೆಯ ಮೇಲೆ ‘ಮದ್ದುನೆರವು’ ಎಂದು ಬರೆದರೆ ಅದು ಕಕ್ಕಡ ತಿಂಗಳ ಹದಿನೆಂಟರಂದು ಇಲ್ಲಿನ ಮನೆಗಳಲ್ಲಿ ಮಾಡುವ ಮದ್ದುಸೊಪ್ಪಿನ ಪಾಯಸವೋ ಕೋವಿಯ ಮದ್ದೋ ಎಂದು ಕೇಳುವವರಿದ್ದಾರೆ. ವ್ಯುತ್ಪತ್ತಿ ಏನೇ ಇರಲಿ, ಕಚೇರಿಯ ಮೇಜಿನ ಆಚೆ ಕುಳಿತವರು ‘ನೆರವು’ ಎಂದಾಗ ಅನುದಾನ ಬಂದರೆ ಕೊಡುತ್ತೇವೆ, ಬಾರದಿದ್ದರೆ ಇಲ್ಲ ಎಂಬ ಅರ್ಥದಲ್ಲೇ ಹೇಳುತ್ತಾರೆ. 25ನೆಯ ಕಲಂ ಸರ್ಕಾರದ ಮೇಲೆಯೂ ಸ್ಥಳೀಯ ಸಂಸ್ಥೆಗಳ ಮೇಲೆಯೂ ಕರ್ತವ್ಯವನ್ನು ಹೊರಿಸಿದೆ, ವೈಕಲ್ಯ ಕನಿಷ್ಠ ಶೇ. 40 ಇರಬೇಕೆಂಬ ಮಿತಿಯನ್ನೂ ಆ ಕಲಮಿನಲ್ಲಿ ಹಾಕಿಲ್ಲ. ಆದ್ದರಿಂದ ‘ಹಕ್ಕು’ ಎಂಬ ಪದ ತಲೆಬರಹದಲ್ಲಿ ಇರಲೇಬೇಕು. ಇನ್ನೊಂದು ಮಾತು: ಈ ಕಲಮಿನ ಹಕ್ಕು ಮಗುವಿನದು, ಕುಟುಂಬದ ಆದಾಯ ಉಚಿತ ಸೇವೆಗೆ ಮಾತ್ರ ಅಳತೆಗೋಲು. ‘ಕುಟುಂಬಗಳ ಹಕ್ಕು’ ಎಂದು ಬರೆದರೆ ಕಾನೂನು ಸಡಿಲವಾಗುತ್ತದೆ.

ಸೋಮವಾರಪೇಟೆಯಿಂದ:

ಹಕ್ಕು ಅರಬ್ಬಿಯಿಂದ ಬಂದದ್ದು ಎಂಬುದು ವಕೀಲರಿಗೆ ತಿಳಿದಿರಬಹುದು.

ಮಡಿಕೇರಿಯ ವಕೀಲರಿಂದ:

ತಿಳಿದಿದೆ. ವಕೀಲ ಎಂಬುದೂ ಅಲ್ಲಿಂದಲೇ ಬಂದದ್ದು, ಮೇಷ್ಟ್ರೇ. ಅದನ್ನು ಬಳಸಲು ತಾವು ಹಿಂಜರಿಯಲಿಲ್ಲ. ಜಮಾಬಂದಿಯ ಕಾಲದಿಂದ ಜಮೀನಿಗಾಗಿ ಹೊಡೆದಾಡಿದ ರೈತನ ಬಾಯಲ್ಲಿ ಪಳಗಿದ ಪದ ಹಕ್ಕು. ಅದನ್ನು ತೆಗೆದು ಅಲ್ಲಿ ಕೂರಿಸಲು ಅಚ್ಚಗನ್ನಡದ ಒಂದು ಪದವನ್ನು, ಪಾಲಿಬೆಟ್ಟದ ತೋಟದ ಕಾರ್ಮಿಕರಿಗೆ ಒಮ್ಮೆ ಓದಿದರೆ ತಿಳಿಯುವಂಥದ್ದನ್ನು, ತಾವು ಕೊಟ್ಟರೆ ಚರ್ಚಿಸೋಣ.

ಸೋಮವಾರಪೇಟೆಯಿಂದ:

ಹಕ್ಕು ಇರಲಿ. ‘ವೈದ್ಯಕೀಯ’ವನ್ನು ಮಾತ್ರ ಒಪ್ಪಲಾರೆ, ‘ಚಿಕಿತ್ಸೆ’ ಸಂಸ್ಕೃತವಾದರೂ ಜನರ ನಾಲಿಗೆಯ ಮೇಲಿದೆ.

ವಿರಾಜಪೇಟೆಯಿಂದ:

ಇಬ್ಬರಿಗೂ ಕೃತಜ್ಞತೆಗಳು. ತಲೆಬರಹ ಹೀಗಿರುತ್ತದೆ: ‘ಅಂಗವೈಕಲ್ಯವುಳ್ಳ ಮಗುವಿಗೆ ಚಿಕಿತ್ಸೆಯ ಹಕ್ಕು: ಮನೆಯವರು ಏನೇನು ಕೇಳಬಹುದು?’ ‘ನೆರವು’ ಎಂಬುದನ್ನು ಕೆಳಗಿನ ವಿಮೆಯ ಸಾಲಿಗೆ ಇಳಿಸಿದ್ದೇನೆ. ಅಂಗವೈಕಲ್ಯವುಳ್ಳವರ ಗುರುತಿನ ಚೀಟಿಯಾದ ಯು.ಡಿ.ಐ.ಡಿ. ಕಾರ್ಡಿನ ಹೆಸರನ್ನು ಕನ್ನಡಿಸುವುದಿಲ್ಲ, ಏಕೆಂದರೆ ಕೌಂಟರಿನಲ್ಲಿ ಅದನ್ನು ಆ ಹೆಸರಿನಿಂದಲೇ ಕೇಳುತ್ತಾರೆ.