91 ಸಲ ಮಿಕ್ಸ್ ಮಾಡಿದರಂತೆ, ನಾನೂ ಮಾಡುತ್ತಲೇ ಇರಬೇಕಾ?

ಪ್ರಶ್ನೆ (ಗದಗ): ನಮಸ್ಕಾರ ಸರ್. ಮೂವರು ಗೆಳೆಯರು ಸೇರಿ ಮನೆಯಲ್ಲೇ ಐದು ಭಾವಗೀತೆ ರೆಕಾರ್ಡ್ ಮಾಡಿದ್ದೇವೆ. ಹಾರ್ಮೋನಿಯಂ, ತಬಲಾ, ಕೀಬೋರ್ಡ್ ಅಷ್ಟೇ. ಒಂದು ಹಾಡನ್ನೇ ಇಪ್ಪತ್ತು ಸಲ ಮಿಕ್ಸ್ ಮಾಡಿದೆ (ಅಂದರೆ ದನಿ, ವಾದ್ಯಗಳ ಸದ್ದನ್ನು ಹದವಾಗಿ ಬೆರೆಸಿದೆ), ಪ್ರತಿ ಸಲ ಇನ್ನೂ ಕೆಡುತ್ತಿದೆ ಅನಿಸುತ್ತದೆ. ಮೈಕೇಲ್ ಜಾಕ್ಸನ್ ಅವರ ‘ಬಿಲ್ಲಿ ಜೀನ್’ ಹಾಡನ್ನು 91 ಸಲ ಮಿಕ್ಸ್ ಮಾಡಿದ್ದರಂತೆ. ಹಾಗಾದರೆ ನಾನೂ ಬಿಡದೆ ಮಾಡಬೇಕಾ?

ಉತ್ತರ (ಸೌಂಡ್ ಎಂಜಿನಿಯರ್, ಧಾರವಾಡ): ಆ 91ರ ಕಥೆ ಹಾಡಿನ ಸೌಂಡ್ ಎಂಜಿನಿಯರ್ ಬ್ರೂಸ್ ಸ್ವೀಡೀನ್ ಅವರೇ ಹೇಳಿದ್ದು. ಆದರೆ ಆಲ್ಬಂಗೆ ಹೋಗಿದ್ದು ಎರಡನೇ ಮಿಕ್ಸ್! ಪ್ರೊಡ್ಯೂಸರ್ ಕ್ವಿನ್ಸಿ ಜೋನ್ಸ್ ಹಳೆಯದನ್ನು ಒಮ್ಮೆ ಕೇಳೋಣ ಅಂದರು. ಹಾಕಿ ನೋಡಿದರೆ ಅದೇ ಚೆನ್ನಾಗಿತ್ತು. ಹಾಗಾಗಿ ಹಳೆಯ ಮಿಕ್ಸ್ ಒಂದನ್ನೂ ಅಳಿಸಬೇಡಿ. ಹೋಲಿಸುವಾಗ ವಾಲ್ಯೂಮ್ ಸಮ ಇರಲಿ. ಜೋರಾಗಿರುವುದೇ ಚಂದ ಅಂತ ಕಿವಿ ಮೋಸ ಹೋಗುತ್ತದೆ.

ಇನ್ನೊಂದು ಮಾತು. ಆ ಹಾಡಿನ ಸದ್ದು ಮಿಕ್ಸ್‌ನಲ್ಲಿ ಹುಟ್ಟಿದ್ದಲ್ಲ. ಸ್ವೀಡೀನ್ ಡ್ರಮ್‌ಗಾಗಿಯೇ ಮರದ ವೇದಿಕೆ ಕಟ್ಟಿಸಿದರು. ದೊಡ್ಡ ಡ್ರಮ್‌ಗೆ ಹೊದಿಕೆ ಮಾಡಿಸಿ, ಅದರೊಳಗೆ ಮೈಕ್ ಇಟ್ಟರು. ಜಾಕ್ಸನ್ ಕೈಯಲ್ಲಿ ಕೆಲವು ಸಾಲನ್ನು ಉದ್ದನೆಯ ರಟ್ಟಿನ ಕೊಳವೆಯೊಳಗಿಂದ ಹಾಡಿಸಿದರು. ಇದೂ ಎಂಜಿನಿಯರ್ ಕೆಲಸವೇ ಅಲ್ವಾ? ನಿಮ್ಮ ತಬಲಾದ ಡಗ್ಗಾ ಗುಂಯ್ ಅನ್ನುತ್ತಿದ್ದರೆ ಸುಮ್ನೆ ಮಿಕ್ಸ್‌ನಲ್ಲಿ ಗುದ್ದಾಡಬೇಡಿ. ಗೋಡೆಗೆ ದಪ್ಪ ಕೌದಿ ಕಟ್ಟಿ, ಮೈಕ್ ಸ್ವಲ್ಪ ಮೇಲೆತ್ತಿ, ಮತ್ತೆ ರೆಕಾರ್ಡ್ ಮಾಡಿ.

ಪ್ರಶ್ನೆ (ಹುಬ್ಬಳ್ಳಿ): ಸರ್, ಆ ಹಾಡು ಇರುವ ‘ಥ್ರಿಲ್ಲರ್’ ಆಲ್ಬಂ ಪೂರ್ತಿ ಮುಗಿದ ಮೇಲೂ ಮತ್ತೆ ಮಿಕ್ಸ್ ಮಾಡಿದರಂತಲ್ಲ, ಯಾಕ್ರೀ?

ಉತ್ತರ: ಅದು 1982, ಎಲ್‌ಪಿ ಅಂದರೆ ಗ್ರಾಮಫೋನ್ ತಟ್ಟೆಯ ಕಾಲ. ತಟ್ಟೆಯ ಒಂದು ಬದಿಯಲ್ಲಿ ಹಾಡಿನ ಹೊತ್ತು ಜಾಸ್ತಿಯಾದಷ್ಟೂ ಸದ್ದು ಕೊರೆದ ಗೆರೆಗಳು ಒತ್ತಾಗುತ್ತವೆ. ಬೇಸ್‌ಗೆ, ಅಂದರೆ ತಗ್ಗು ಶ್ರುತಿಯ ದಪ್ಪ ಸದ್ದಿಗೆ, ಅಗಲ ಜಾಗ ಬೇಕು. ಜಾಗ ಸಾಲದಿದ್ದರೆ ಸದ್ದನ್ನೇ ತಗ್ಗಿಸಬೇಕು. ಅಲ್ಲೂ ಹಾಗೇ ಆಗಿ ಆಲ್ಬಂ ಸಪ್ಪಗೆ ಕೇಳಿಸಿತು. ಆಮೇಲೆ ಹಾಡುಗಳನ್ನು ಮೊಟಕುಗೊಳಿಸಿ, ದಿನಕ್ಕೆ ಒಂದರಂತೆ ಮತ್ತೆ ಮಿಕ್ಸ್ ಮಾಡಿದರು. ನವೆಂಬರ್ 30ಕ್ಕೆ ಆಲ್ಬಂ ಬಂತು. ಆ ಕೆಲಸಕ್ಕೆ ಸ್ವೀಡೀನ್ ಅವರಿಗೆ ಗ್ರ್ಯಾಮಿ ಸಂಗೀತ ಪ್ರಶಸ್ತಿಯೂ ಸಿಕ್ಕಿತು.

ದಿನಕ್ಕೆ ಒಂದೇ ಹಾಡು ಅನ್ನುವುದನ್ನು ನಾನೂ ಪಾಲಿಸುತ್ತೇನೆ. ದಣಿದ ಕಿವಿಗೆ ಬೇಸ್ ಎಷ್ಟಿದೆ ಅಂತ ಗೊತ್ತೇ ಆಗುವುದಿಲ್ಲ.

ಗದಗದ ಗೆಳೆಯರೇ, ತಬಲಾ ಟ್ರ್ಯಾಕ್ ಒಂದನ್ನೇ ಇಲ್ಲಿ ಹಾಕಿ. ಬೆಳಿಗ್ಗೆ ಕೇಳಿ ಹೇಳುತ್ತೇನೆ.