ಉಪ್ಸಾಲಾದಲ್ಲಿ ಎಕ್ಸ್‌ಚೇಂಜ್ ಸೆಮಿಸ್ಟರ್: ಲ್ಯಾಬು, ಪಿಟೀಲು, ಗೆಳೆಯರು, ಮೂರಕ್ಕೂ ಸಮಯ ಹೇಗೆ ಹೊಂದಿಸೋದು?

ಮೈಸೂರು ಪಿಟೀಲು:

ಎಲ್ಲರಿಗೂ ನಮಸ್ಕಾರ. ನಾನು ಕಂಪ್ಯೂಟರ್ ಸೈನ್ಸ್ ಇಂಜಿನಿಯರಿಂಗ್ ಕೊನೇ ವರ್ಷ. ಈ ಸೆಮಿಸ್ಟರ್ ಎಕ್ಸ್‌ಚೇಂಜ್ ಮೇಲೆ ಸ್ವೀಡನ್ನಿನ ಉಪ್ಸಾಲಾಗೆ ಬಂದಿದ್ದೇನೆ. ಆಗಸ್ಟ್ ಕೊನೆಗೆ ಬಂದೆ, ಜನವರಿ ಮಧ್ಯದಲ್ಲಿ ವಾಪಸ್. ಊರು ಇಷ್ಟ ಆಗಿದೆ, ಪಾಠಗಳೂ ಇಷ್ಟ ಆಗಿವೆ. ಆದರೆ ದಿನ ಸಾಲುತ್ತಿಲ್ಲ. ಇಂಥದ್ದನ್ನು ದಾಟಿ ಬಂದವರು ಇದ್ದರೆ ದಯವಿಟ್ಟು ಹೇಳಿ.

ಮೊದಲು ಓದು. ಈಗ ಎರಡು ಕೋರ್ಸ್ ಒಟ್ಟಿಗೆ ನಡೆಯುತ್ತಿವೆ, ಒಂದು 10 ಕ್ರೆಡಿಟ್, ಇನ್ನೊಂದು 5. ಟೈಮ್‌ಟೇಬಲ್‌ನಲ್ಲಿ ಕ್ಲಾಸು ತುಂಬಾ ಕಡಿಮೆ. ಆದರೆ ಪ್ರತಿ ವಾರ ಅಸೈನ್‌ಮೆಂಟ್ ಇರುತ್ತದೆ, ಲ್ಯಾಬ್ ರಿಪೋರ್ಟ್ ಇಬ್ಬರು ಸೇರಿ ಬರೆಯಬೇಕು, ಓದಬೇಕಾದ ಪೇಪರ್‌ಗಳು ಬೇರೆ. ನನ್ನ ಲ್ಯಾಬ್ ಪಾರ್ಟ್ನರ್ ಸ್ವೀಡನ್ ಹುಡುಗಿ, ಬೆಳಿಗ್ಗೆ ಎಂಟಕ್ಕೆ ಶುರು ಮಾಡಿ ಸಂಜೆ ಐದಕ್ಕೆ ಲ್ಯಾಪ್‌ಟಾಪ್ ಮುಚ್ಚುತ್ತಾಳೆ. ಆಮೇಲೆ ಮೆಸೇಜ್ ಮಾಡಿದರೆ ಉತ್ತರ ಬರೋದು ಮರುದಿನ. ನಾನು ರಾತ್ರಿ ಓದುವವಳು, ಹಾಗಾಗಿ ನಮ್ಮಿಬ್ಬರ ಗಂಟೆಗಳು ಕೂಡಿ ಬರೋದೇ ಕಷ್ಟ.

ಎರಡನೆಯದು ಪಿಟೀಲು. ಎರಡನೇ ಕ್ಲಾಸಿನಿಂದ ಕಲಿಯುತ್ತಿದ್ದೇನೆ, ಸೀನಿಯರ್ ಆಗಿದೆ, ವಿದ್ವತ್‌ಗೆ ತಯಾರಿ ನಡೆದಿದೆ. ನಮ್ಮ ಮೇಷ್ಟ್ರು ಶನಿವಾರ ಬೆಳಿಗ್ಗೆ ಏಳಕ್ಕೆ ಆನ್‌ಲೈನ್ ಪಾಠ ತೆಗೆದುಕೊಳ್ಳುತ್ತಾರೆ. ಇಲ್ಲಿ ಆಗ ಬೆಳಗಿನ ಜಾವ ಮೂರೂವರೆ. ಪಿಟೀಲಿಗೆ ಸದ್ದು ತಗ್ಗಿಸುವ ಮ್ಯೂಟ್ ಹಾಕಿಕೊಂಡು ಸಣ್ಣಗೆ ನುಡಿಸುತ್ತೇನೆ, ಆದರೆ ಗೋಡೆ ಆಚೆ ಯಾರೋ ಮಲಗಿದ್ದಾರೆ ಅನ್ನೋದು ಗೊತ್ತಿದ್ದಾಗ ಕಮಾನು ಬಿಚ್ಚಿ ಓಡೋದೇ ಇಲ್ಲ. ಇಲ್ಲಿನ ಯೂನಿವರ್ಸಿಟಿ ಆರ್ಕೆಸ್ಟ್ರಾಗೆ ಸೇರೋಣ ಅಂದುಕೊಂಡೆ. ಅದು 1627ರಿಂದ ಇರುವ ಆರ್ಕೆಸ್ಟ್ರಾ, ಆಡಿಷನ್ ಇದೆ, ನನಗೆ ಸ್ಟಾಫ್ ನೊಟೇಷನ್ (ಗೆರೆಗಳ ಮೇಲೆ ಸ್ವರ ಬರೆಯುವ ಪಾಶ್ಚಾತ್ಯ ಪದ್ಧತಿ) ಓದಲು ಬರೋದಿಲ್ಲ.

ಮೂರನೆಯದು ಗೆಳೆಯರು, ನಿಜ ಹೇಳಬೇಕು ಅಂದರೆ ಇದೇ ಜಾಸ್ತಿ ಕಾಡುತ್ತಿರೋದು. ನಾನಿರೋದು ವಿದ್ಯಾರ್ಥಿಗಳ ವಸತಿ ಇರುವ ಫ್ಲೋಗ್ಸ್ಟಾದಲ್ಲಿ, ಒಂದು ಕಾರಿಡಾರಿಗೆಲ್ಲ ಒಂದೇ ಅಡುಗೆಮನೆ. ಕಾರಿಡಾರ್‌ನವರು ಫೀಕಾಗೆ (ಕಾಫಿ-ತಿಂಡಿ ಜೊತೆ ಹರಟೆ) ಕರೆಯುತ್ತಾರೆ, ನೇಷನ್ (ಇಲ್ಲಿನ ವಿದ್ಯಾರ್ಥಿ ಸಂಘ) ಪಬ್‌ಗೆ ಕರೆಯುತ್ತಾರೆ, ನಾನು ಪ್ರತಿ ಸಲ ಅಸೈನ್‌ಮೆಂಟ್ ಇದೆ ಅನ್ನುತ್ತೇನೆ. ಈಗೀಗ ಕರೆಯೋದು ಕಡಿಮೆ ಆಗಿದೆ. ಊರಿನ ಗೆಳತಿಯರು ಫೋನ್ ಮಾಡುವ ಹೊತ್ತಿಗೆ ನಾನು ಲ್ಯಾಬ್‌ನಲ್ಲಿ ಇರುತ್ತೇನೆ.

ಅಪ್ಪ ಗ್ರೇಡ್ ಮುಖ್ಯ ಅನ್ನುತ್ತಾರೆ, ಅಮ್ಮ ಪಿಟೀಲು ಬಿಡಬೇಡ ಅನ್ನುತ್ತಾರೆ, ಇಲ್ಲಿನವರು ಇಂಥ ಐದು ತಿಂಗಳು ಮತ್ತೆ ಸಿಗೋದಿಲ್ಲ ಅನ್ನುತ್ತಾರೆ. ಮೂವರ ಮಾತೂ ಸರಿ ಅನ್ನಿಸುತ್ತದೆ. ಒಂದನ್ನು ಬಿಡಲೇಬೇಕಾ?

ಉತ್ತರ ದಿಕ್ಕು:

ಉಪ್ಸಾಲಾದಲ್ಲೇ ಮಾಸ್ಟರ್ಸ್ ಮಾಡಿದ್ದೇನೆ, ಅದಕ್ಕೆ ಓದಿನ ಬಗ್ಗೆ ಮಾತ್ರ ಬರೆಯುತ್ತೇನೆ. ಸಂಗೀತ ನನಗೆ ಕೇಳೋದು ಮಾತ್ರ ಗೊತ್ತು.

ಸ್ವೀಡನ್ನಿನಲ್ಲಿ 1.5 ಕ್ರೆಡಿಟ್ ಅಂದರೆ ಒಂದು ವಾರದ ಪೂರ್ತಿ ಕೆಲಸ, ಸುಮಾರು 40 ಗಂಟೆ. ಇಡೀ ಸೆಮಿಸ್ಟರಿಗೆ 30 ಕ್ರೆಡಿಟ್, 20 ವಾರ. ಲೆಕ್ಕ ಹಾಕಿದರೆ ನಿಮ್ಮ 15 ಕ್ರೆಡಿಟ್ ಅಂದರೆ ಹತ್ತು ವಾರ, ವಾರಕ್ಕೆ 40 ಗಂಟೆ. ಕ್ಲಾಸಿನಲ್ಲಿ ಕೂರುವ ಸಮಯ ಅದರಲ್ಲಿ ಸಣ್ಣ ಪಾಲು, ಉಳಿದದ್ದೆಲ್ಲ ನೀವೇ ಓದಲಿ ಅಂತ ಬಿಟ್ಟಿರುತ್ತಾರೆ. ಆ ಹುಡುಗಿ ಎಂಟರಿಂದ ಐದು ಓದುತ್ತಾಳಲ್ವಾ, ಅವಳಿಗೆ ಈ ಲೆಕ್ಕ ಗೊತ್ತಿದೆ. ನಿಮ್ಮ ಇಡೀ ಬರಹದಲ್ಲಿ ನಿಮಗೆ ಅತಿ ದೊಡ್ಡ ಸಹಾಯ ಅವಳೇ ಅನ್ನಿಸಿತು ನನಗೆ. ಅವಳ ಗಂಟೆಗಳಿಗೆ ಹೊಂದಿಕೊಳ್ಳಿ. ಕ್ಲಾಸು ಇರಲಿ ಬಿಡಲಿ, ಬೆಳಿಗ್ಗೆ ಎಂಟಕ್ಕೆ ಆಂಗ್‌ಸ್ಟ್ರೋಮ್ ಕ್ಯಾಂಪಸ್‌ಗೆ ಹೋಗಿ ಕೂತುಬಿಡಿ, ಐದಕ್ಕೆ ಎದ್ದು ಬನ್ನಿ. ರಾತ್ರಿ ಓದುವ ಅಭ್ಯಾಸ ಇಲ್ಲಿ ತುಂಬಾ ದುಬಾರಿ, ಯಾಕೆಂದರೆ ಜನ ಸಿಗೋದು ಸಂಜೆ ಮಾತ್ರ. ಮತ್ತೆ ಡಿಸೆಂಬರ್‌ನಲ್ಲಿ ಮಧ್ಯಾಹ್ನ ಮೂರಕ್ಕೆ ಮುಂಚೆಯೇ ಸೂರ್ಯ ಮುಳುಗುತ್ತಾನೆ, ತಡವಾಗಿ ಏಳುವವರಿಗೆ ಬೆಳಕು ಕಾಣೋದೇ ಅಪರೂಪ ಆಗುತ್ತದೆ.

ಇನ್ನು ಗ್ರೇಡ್ ವಿಷಯ. ನಿಮ್ಮ ಕಾಲೇಜು ಇಲ್ಲಿನ ಗ್ರೇಡನ್ನು ಹಾಗೇ ಸೇರಿಸಿಕೊಳ್ಳುತ್ತದಾ ಅಥವಾ ಪಾಸಾದರೆ ಸಾಕು ಅನ್ನುತ್ತದಾ, ಇದನ್ನು ಈ ವಾರವೇ ಮೇಲ್ ಹಾಕಿ ಕೇಳಿ. ಪಾಸಾದರೆ ಸಾಕು ಅಂತಾದರೆ ಪಾಸಿನ ಕನಿಷ್ಠ ಗ್ರೇಡ್ 3 ಬಂದರೂ ಗರಿಷ್ಠ 5 ಬಂದರೂ ನಿಮಗೆ ಒಂದೇ, ಅಪ್ಪನಿಗೂ ಅದನ್ನು ಬಿಡಿಸಿ ಹೇಳಬಹುದು. ನವೆಂಬರ್‌ನಿಂದ ಶುರುವಾಗುವ ಎರಡನೇ ಅರ್ಧದಲ್ಲಿ 15ರ ಬದಲು 10 ಕ್ರೆಡಿಟ್ ತೆಗೆದುಕೊಂಡರೆ ನಡೆಯುತ್ತದಾ ಅಂತಲೂ ಕೇಳಿ, ಎರಡೂ ಕಡೆಯ ಕೋ-ಆರ್ಡಿನೇಟರ್ ಒಪ್ಪಬೇಕು. ಪರೀಕ್ಷೆಗೆ ಮೊದಲೇ ಲಾಡೋಕ್‌ನಲ್ಲಿ (ವಿದ್ಯಾರ್ಥಿ ದಾಖಲೆಗಳ ಆನ್‌ಲೈನ್ ವ್ಯವಸ್ಥೆ) ಹೆಸರು ನೋಂದಾಯಿಸಬೇಕು, ಕೋರ್ಸಿಗೆ ಸೇರಿದ್ದೇನಲ್ಲ ಅಂತ ಸುಮ್ನೆ ಇರಬೇಡಿ. ಫೇಲಾದರೆ ಮತ್ತೆ ಬರೆಯುವ ಅವಕಾಶ ಇದೆ. ಎಷ್ಟು ಸಲ ಬರೆಯಬಹುದು ಅನ್ನೋದಕ್ಕೆ ಮಿತಿ ಹಾಕಿದರೂ ಅದು ಐದಕ್ಕಿಂತ ಕಡಿಮೆ ಇರುವ ಹಾಗಿಲ್ಲ ಅಂತ ಇಲ್ಲಿನ ನಿಯಮವೇ ಹೇಳುತ್ತದೆ. ಆದರೆ ಮರುಪರೀಕ್ಷೆ ನೀವು ಊರಿಗೆ ಹೋದ ಮೇಲೆ ಇದ್ದರೆ ಅದರಿಂದ ಉಪಯೋಗ ಇಲ್ಲ. ದಿನಾಂಕ ಈಗಲೇ ನೋಡಿಕೊಳ್ಳಿ.

ಹುಬ್ಬಳ್ಳಿ ಜಂಕ್ಷನ್:

ನಾನು ನೇರವಾಗಿ ಹೇಳುತ್ತೇನೆ. ಜನವರಿವರೆಗೆ ಪಿಟೀಲು ಪೆಟ್ಟಿಗೆಯಲ್ಲಿ ಇರಲಿ. ಮೇಷ್ಟ್ರು ಎಲ್ಲೂ ಹೋಗೋದಿಲ್ಲ, ವಿದ್ವತ್ ಪರೀಕ್ಷೆ ಮುಂದಿನ ವರ್ಷವೂ ಇರುತ್ತದೆ. ಆ ಕಾರಿಡಾರಿನ ಜನ ಮಾತ್ರ ಜನವರಿ ಆದ ಮೇಲೆ ಒಬ್ಬೊಬ್ಬರು ಒಂದೊಂದು ದೇಶಕ್ಕೆ ಹೋಗುತ್ತಾರೆ. ಬೆಳಗಿನ ಜಾವ ಮೂರೂವರೆಗೆ ಎದ್ದು ಪಾಠ ಕೇಳಿ, ವಾರಾಂತ್ಯ ಪೂರ್ತಿ ನಿದ್ದೆಗಣ್ಣಿನಲ್ಲಿ ಇದ್ದು, ಯಾರ ಜೊತೆಗೂ ಕೂರದೆ ವಾಪಸ್ ಬರೋದಕ್ಕೆ ಅಷ್ಟು ದೂರ ಯಾಕೆ ಹೋಗಬೇಕಿತ್ತು? ಬೇಜಾರು ಮಾಡಿಕೊಳ್ಳಬೇಡಿ, ಒಳ್ಳೇದಕ್ಕೇ ಹೇಳುತ್ತಿದ್ದೇನೆ.

ಮಂದ್ರ ಪಂಚಮ:

ಹುಬ್ಬಳ್ಳಿಯವರೇ, ನಿದ್ದೆ ವಿಷಯದಲ್ಲಿ ನಿಮ್ಮ ಮಾತು ಒಪ್ಪಿದೆ, ಪೆಟ್ಟಿಗೆ ಮುಚ್ಚೋದನ್ನು ಒಪ್ಪೋದಿಲ್ಲ. ಐದು ತಿಂಗಳು ಕೈ ಬಿಟ್ಟರೆ ಗಮಕ ಹಿಡಿಯುವ ಬೆರಳು ಮತ್ತೆ ದಾರಿಗೆ ಬರಲು ಅದಕ್ಕಿಂತ ಜಾಸ್ತಿ ಸಮಯ ಬೇಕು. ನಾನು ಸ್ಟಾಕ್‌ಹೋಮ್ ಕಡೆ ಇದ್ದೇನೆ, ಮಕ್ಕಳಿಗೆ ಪಿಟೀಲು ಹೇಳಿಕೊಡುತ್ತೇನೆ, ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ.

ನೋಡಮ್ಮಾ, ಆರ್ಕೆಸ್ಟ್ರಾ ನಿನಗೆ ಈಗ ಬೇಡ. ನೊಟೇಷನ್ ಒಂದೇ ಅಡ್ಡಿ ಅಲ್ಲ. ನಮ್ಮದು ಸ-ಪ-ಸ-ಪ ಶ್ರುತಿ, ಅವರದು ಬೇರೆ. ಪ್ರತಿ ವಾರ ತಂತಿ ಏರಿಸಿ ಇಳಿಸಿ ಮಾಡಿದರೆ ತಂತಿಯೂ ಹಾಳು, ಕಿವಿಯೂ ಗಲಿಬಿಲಿ. ನೆಲದ ಮೇಲೆ ಕೂತು ಪಾದಕ್ಕೆ ಪಿಟೀಲಿನ ತಲೆ ಒರಗಿಸಿ ಕಲಿತವರಿಗೆ ಕುರ್ಚಿ ಮೇಲೆ ಕೂತು ಗಲ್ಲಕ್ಕೆ ಹಿಡಿಯೋದು ಮೊದಲಿಂದ ಕಲಿತ ಹಾಗೆ. ಅದನ್ನೆಲ್ಲ ಮಾಡಲು ನಿನಗೆ ಸಮಯ ಎಲ್ಲಿದೆ?

ಆದರೆ ನೀನಿರುವ ಜಾಗ ಯಾವುದು ಅನ್ನೋದನ್ನು ನೋಡು! ಉಪ್ಸಾಲಾ ಇರೋದು ಉಪ್‌ಲಾಂಡ್ ಪ್ರಾಂತ್ಯದಲ್ಲಿ, ಅದು ನಿಕೆಲ್‌ಹಾರ್ಪಾದ ತವರು. ಕಮಾನು ಎಳೆದು, ಬೆರಳಿನಿಂದ ಕೀಲಿ ಒತ್ತಿ ನುಡಿಸುವ ವಾದ್ಯ ಅದು. ಈಗಿನದ್ದಕ್ಕೆ 16 ತಂತಿ, ಅದರಲ್ಲಿ 12 ತಂತಿಗಳನ್ನು ಯಾರೂ ಮುಟ್ಟೋದಿಲ್ಲ, ಸಿತಾರಿನ ತರಬ್ ತಂತಿಗಳ ಹಾಗೆ ಅವು ತಾವೇ ಮಿಡಿಯುತ್ತವೆ. ಶ್ರುತಿ ಹಿಡಿದು ಬೆಳೆದ ನಮ್ಮ ಕಿವಿಗೆ ಅದರ ನಾದ ತಕ್ಷಣ ಹಿಡಿಸುತ್ತದೆ. ಅದನ್ನು ಈಗಿನ ರೂಪಕ್ಕೆ ತಂದು ಮತ್ತೆ ಜನರ ಮಧ್ಯೆ ಬೆಳೆಸಿದವರಲ್ಲಿ ಎರಿಕ್ ಸಾಲ್‌ಸ್ಟ್ರೋಮ್ (1912–1986) ದೊಡ್ಡ ಹೆಸರು. ಅವರ ಹೆಸರಿನ ಸಂಗೀತ ಶಾಲೆಯೂ ಉಪ್‌ಲಾಂಡ್‌ನಲ್ಲೇ ಇದೆ, ಟೋಬೊ ಅನ್ನುವ ಊರಲ್ಲಿ.

ಇಲ್ಲಿನ ಜನಪದ ಪಿಟೀಲಿನವರು ಗುಂಪು ಕಟ್ಟಿಕೊಂಡು ನುಡಿಸುತ್ತಾರೆ, ಸ್ಪೆಲ್‌ಮನ್ಸ್‌ಲಾಗ್ ಅನ್ನುತ್ತಾರೆ. ಹೆಚ್ಚಾಗಿ ಕೇಳಿಯೇ ಕಲಿಯುತ್ತಾರೆ. ಒಬ್ಬರು ಒಂದು ಸಾಲು ನುಡಿಸುತ್ತಾರೆ, ಉಳಿದವರು ಹಿಂದೆ ನುಡಿಸುತ್ತಾರೆ. ನಮ್ಮ ಪಾಠವೂ ಹೀಗೇ ಅಲ್ವಾ? ಮೂರು ಬೀಟಿನ ಪೋಲ್ಸ್ಕಾ ಅಂತ ಒಂದು ಬಗೆ ಇದೆ, ಕೆಲವು ಕಡೆಯ ಪೋಲ್ಸ್ಕಾದಲ್ಲಿ ಆ ಮೂರು ಬೀಟೂ ಒಂದೇ ಉದ್ದ ಇರೋದಿಲ್ಲ. ತಾಳ ಹಾಕಿ ಬೆಳೆದ ನಿನಗೆ ಅದನ್ನು ಹಿಡಿಯೋದು ಬಹಳ ಖುಷಿ ಕೊಡುತ್ತದೆ. ನೇಷನ್‌ಗಳು 13 ಇವೆ, ಅವುಗಳಲ್ಲಿ ಕೋರಸ್, ಆರ್ಕೆಸ್ಟ್ರಾ, ನಾಟಕ ಎಲ್ಲ ಇವೆ. ಜನಪದ ಸಂಗೀತ ನುಡಿಸುವವರು ಎಲ್ಲಿ ಸೇರುತ್ತಾರೆ ಅಂತ ನಿನ್ನ ನೇಷನ್ನಿನಲ್ಲೇ ಕೇಳು, ಖಂಡಿತ ಯಾರಿಗಾದರೂ ಗೊತ್ತಿರುತ್ತದೆ. ವಾರಕ್ಕೆ ಒಂದು ಸಂಜೆ ಅಲ್ಲಿ ಹೋದರೆ ಸಂಗೀತಕ್ಕೂ ಗೆಳೆತನಕ್ಕೂ ಅದೇ ಸಂಜೆ ಸಾಕಾಗುತ್ತದೆ, ಎರಡಕ್ಕೂ ಬೇರೆ ಬೇರೆ ಸಮಯ ಹುಡುಕಬೇಕಾಗಿಲ್ಲ. ಅವರು ನಿನ್ನ ಸಂಗೀತ ಕೇಳಿಯೇ ಕೇಳುತ್ತಾರೆ. ಆಗ ನಿನ್ನ ಮೈಸೂರಿನ ಚೌಡಯ್ಯನವರು ಏಳು ತಂತಿಯ ಪಿಟೀಲು ನುಡಿಸುತ್ತಿದ್ದ ವಿಷಯ ಹೇಳು, ಮೈಕ್ ಇಲ್ಲದ ಕಾಲದಲ್ಲಿ ನಾದ ದೂರ ಹೋಗಲಿ ಅಂತ. 16 ತಂತಿಯವರಿಗೆ ಅದು ಚೆನ್ನಾಗಿ ಅರ್ಥ ಆಗುತ್ತದೆ.

ಮನೆಯ ಸಾಧನೆಗೆ ದಿನಕ್ಕೆ ಅರ್ಧ ಗಂಟೆ ಸಾಕು, ಆದರೆ ಮ್ಯೂಟ್ ತೆಗೆದು, ಸಂಜೆ ಹೊತ್ತು. ಹೊಸ ಕೃತಿ ಹಾಕಿಸಿಕೊಳ್ಳಬೇಡ. ಒಂದು ವರ್ಣ ಮೂರು ಕಾಲದಲ್ಲಿ, ಆಮೇಲೆ ಒಂದೇ ರಾಗದ ಆಲಾಪನೆ. ಇನ್ನೊಂದು ಮಾತು, ಚಳಿಗಾಲದಲ್ಲಿ ಹೀಟರಿನಿಂದ ರೂಮಿನ ಗಾಳಿ ಒಣಗಿ ಮರ ಬಿರುಕು ಬಿಡುತ್ತದೆ, ಬಿರಡೆ ಜಾರುತ್ತವೆ. ಪೆಟ್ಟಿಗೆಯೊಳಗೆ ಇಡುವ ಸಣ್ಣ ಹ್ಯುಮಿಡಿಫೈಯರ್ ಸಿಗುತ್ತದೆ, ಈಗಲೇ ತಂದು ಇಟ್ಟುಕೋ. ಪಿಟೀಲನ್ನು ಕಿಟಕಿ ಕೆಳಗೆ, ಹೀಟರ್ ಹತ್ತಿರ ಇಡಲೇಬೇಡ.

ಅಡುಗೆಮನೆ ಕಡೆಯಿಂದ:

ನಾನು ಸ್ವೀಡನ್ನಿನದೇ ಲುಂಡ್‌ನಲ್ಲಿ ಎಕ್ಸ್‌ಚೇಂಜ್ ಮಾಡಿದವಳು, ನಿಮ್ಮಂಥದ್ದೇ ಕಾರಿಡಾರ್. ಅಸೈನ್‌ಮೆಂಟ್ ಇದೆ ಅಂತ ಹೇಳಿದರೆ ಇಲ್ಲಿನವರು ಅದನ್ನು ಹಾಗೇ ನಂಬಿ ಸುಮ್ಮನಾಗುತ್ತಾರೆ. ನಮ್ಮ ಕಡೆ ಥರ ಇನ್ನೊಂದು ಸಲ ಬಲವಂತ ಮಾಡೋದಿಲ್ಲ. ಕರೆಯೋದು ಕಡಿಮೆ ಆಗಿದ್ದು ಕೋಪದಿಂದ ಅಲ್ಲ, ನಿಮಗೆ ತೊಂದರೆ ಕೊಡಬಾರದು ಅಂತ. ಹಾಗಾಗಿ ಈ ಸಲ ನೀವೇ ಕರೆಯಿರಿ. ಭಾನುವಾರ ಒಂದು ಪಾತ್ರೆ ಬಿಸಿಬೇಳೆ ಬಾತ್ ಮಾಡಿ, ಅಡುಗೆಮನೆ ಬಾಗಿಲಿಗೆ ಒಂದು ಚೀಟಿ ಅಂಟಿಸಿ. ದಿನಾಂಕದ ಜೊತೆ ವಾರದ ನಂಬರನ್ನೂ ಬರೆಯಿರಿ, ಅವರು ಎಲ್ಲವನ್ನೂ ಇಷ್ಟನೇ ವಾರ ಅಂತಲೇ ಲೆಕ್ಕ ಇಡುತ್ತಾರೆ. ಪ್ರತಿ ಕಾರ್ಯಕ್ರಮಕ್ಕೂ ಹೋಗಬೇಕು ಅಂತ ಏನಿಲ್ಲ, ವಾರಕ್ಕೊಂದು ದಿನ ತಪ್ಪದೆ ಸಿಕ್ಕರೆ ಸಾಕು. ಕುಡಿಯದಿದ್ದರೂ ಪಬ್‌ನಲ್ಲಿ ಯಾರೂ ಏನೂ ಅನ್ನೋದಿಲ್ಲ.

ಊರಿನ ಗೆಳತಿಯರಿಗೆ ವಾಯ್ಸ್ ಮೆಸೇಜ್ ಕಳಿಸಿ. ಸೈಕಲ್ ನಿಲ್ಲಿಸಿ ರೂಮಿಗೆ ನಡೆಯುವಾಗ ಮಾತಾಡಿ ಕಳಿಸಿದರೆ ಅವರು ಬೆಳಿಗ್ಗೆ ಬಸ್ಸಿನಲ್ಲಿ ಕೇಳುತ್ತಾರೆ.

ಮೈಸೂರು ಪಿಟೀಲು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಕಾಲೇಜಿಗೆ ಮೇಲ್ ಹಾಕಿದ್ದೇನೆ. ಲ್ಯಾಬ್ ಪಾರ್ಟ್ನರ್‌ಗೆ ನಾಳೆಯಿಂದ ಎಂಟಕ್ಕೇ ಬರುತ್ತೇನೆ ಅಂದೆ, ಅವಳಿಗೆ ತುಂಬಾ ಖುಷಿ ಆಯಿತು. ಅವಳ ಅಜ್ಜನೇ ಸ್ಪೆಲ್‌ಮನ್, ಅಂದರೆ ಜನಪದ ವಾದಕರಂತೆ, ಇಷ್ಟು ದಿನ ಜೊತೆಯಲ್ಲಿ ಕೂತು ಕೋಡ್ ಬರೆದರೂ ಇದು ಮಾತಿಗೇ ಬಂದಿರಲಿಲ್ಲ!

ಒಂದೇ ಒಂದು ಉಳಿದಿದೆ. ಶನಿವಾರದ ಪಾಠದ ಸಮಯ ಬದಲಾಯಿಸಿ ಅಂತ ಮೇಷ್ಟ್ರನ್ನು ಕೇಳಲು ಹಿಂಜರಿಕೆ. ಅವರು ಆ ಹೊತ್ತನ್ನು ನನಗೋಸ್ಕರವೇ ಇಟ್ಟಿದ್ದಾರೆ.

ಮಂದ್ರ ಪಂಚಮ:

ಕೇಳು ತಾಯಿ, ಧೈರ್ಯವಾಗಿ ಕೇಳು. ಶಿಷ್ಯೆ ಮೂರೂವರೆಗೆ ಏಳುತ್ತಿದ್ದಾಳೆ ಅಂತ ಅವರಿಗೆ ಬಹುಶಃ ಗೊತ್ತೇ ಇಲ್ಲ. ಮೆಸೇಜ್ ಮಾಡಬೇಡ, ಫೋನ್ ಮಾಡಿ ಮಾತಾಡು. ಭಾರತದ ಸಂಜೆ ಆರು ಗಂಟೆ ಕೇಳಿ ನೋಡು. ಅಕ್ಟೋಬರ್ ಕೊನೇ ಭಾನುವಾರದವರೆಗೆ ಅದು ನಿನಗೆ ಮಧ್ಯಾಹ್ನ ಎರಡೂವರೆ, ಆಮೇಲೆ ಇಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ, ಆಗ ಒಂದೂವರೆ. ಇದನ್ನು ಮೇಷ್ಟ್ರಿಗೆ ಮೊದಲೇ ಹೇಳಿಟ್ಟಿರು. ಅವರಿಗೆ ವಾರಾವಾರ ಆಗದಿದ್ದರೆ ಹದಿನೈದು ದಿನಕ್ಕೊಮ್ಮೆ ಮಾಡಿಕೊಳ್ಳಿ, ಮಧ್ಯದ ವಾರ ನೀನು ನುಡಿಸಿದ್ದನ್ನು ರೆಕಾರ್ಡ್ ಮಾಡಿ ಕಳಿಸು. ಮತ್ತೆ ಆ ಹುಡುಗಿಯ ಅಜ್ಜ ಎಲ್ಲಿರುತ್ತಾರೆ ಅಂತ ಕೇಳಿ ಇಲ್ಲಿ ಬರೆ.